ಕೈ ತೊಳೆಸುವ ಕೈಗೂ ಪಾಠ ಬೇಕು

“ದಿನಾ ‘ಕೈ ತೊಳಕೋ’ ಅಂತೀನ್ರಿ. ನಳದ ಮುಂದ ನೀರು ನೋಡ್ಕೋತ ನಿಂದರತಾನ. ಏನ್ ಮಾಡ್ಲಿ?” ಆಟಿಸಂ ಇರುವ ವಿದ್ಯಾರ್ಥಿಯೊಬ್ಬನ ಬಗ್ಗೆ ದಢೇಸುಗೂರು ಕಡೆಯ ಶಿಕ್ಷಕಿಯೊಬ್ಬರ ಪ್ರಶ್ನೆ.

‘ಕೈ ತೊಳಕೋ’ ಎಂಬ ಎರಡು ಪದಗಳ ಹೊಟ್ಟೆಯಲ್ಲಿ ಎಷ್ಟು ಕೆಲಸಗಳಿವೆ, ಎಣಿಸೋಣ. ಅಂಗಿಯ ತೋಳು ಏರಿಸು, ನಳ ತಿರುವು, ಕೈ ಒದ್ದೆ ಮಾಡು, ಸೋಪು ಹಿಡಿ, ನೊರೆ ಬರಿಸು, ಸೋಪು ಇಡು, ಅಂಗೈ ತಿಕ್ಕು, ಕೈಯ ಹಿಂಬದಿ ತಿಕ್ಕು, ಬೆರಳ ಸಂದು ತಿಕ್ಕು, ನೊರೆ ತೊಳೆ, ನಳ ನಿಲ್ಲಿಸು, ಒರೆಸಿಕೋ. ಒಟ್ಟು 12. ನಮಗೆ ಇವೆಲ್ಲ ಅಂಟಿಕೊಂಡು ಒಂದೇ ಆಗಿವೆ. ಅವನಿಗೆ ಇನ್ನೂ ಬಿಡಿಬಿಡಿ.

ಬಿಡಿ ಕೆಲಸಗಳನ್ನು ಸರಪಳಿಯಂತೆ ಜೋಡಿಸಬಹುದೆಂದು ತೋರಿಸಿದವರಲ್ಲಿ ಅಮೆರಿಕದ ಬಿ.ಎಫ್. ಸ್ಕಿನ್ನರ್ ಪ್ರಮುಖರು. ಅವರ ‘ಪ್ಲಿನಿ’ ಎಂಬ ಇಲಿ ದಾರ ಎಳೆದು, ಬಿದ್ದ ಗೋಲಿ ಎತ್ತಿಕೊಂಡು ಹೋಗಿ ಕೊಳವೆಗೆ ಹಾಕುತ್ತಿತ್ತು. 1937ರಲ್ಲಿ ‘ಲೈಫ್’ ಪತ್ರಿಕೆಯಲ್ಲೂ ಮೆರೆಯಿತು. ಮಕ್ಕಳ ಮಾತಿಗೆ ಇಲಿ ತರುವುದು ನನಗೂ ರುಚಿಸದು. ಆದರೆ ಅಲ್ಲಿಂದ ಬೆಳೆದ ಒಂದು ಉಪಾಯ ಬಲು ಚೆಂದ: ಕೊನೆಯ ಕೊಂಡಿಯಿಂದ ಶುರುಮಾಡುವುದು. 11 ಹೆಜ್ಜೆಗಳನ್ನು ಹಿಂದೆ ನಿಂತು ಕೈ ಹಿಡಿದು ಮಾಡಿಸಿ. ಒರೆಸಿಕೊಳ್ಳುವುದನ್ನು ಮಾತ್ರ ಅವನಿಗೆ ಬಿಡಿ. ಒರೆಸಿದ ಕೂಡಲೇ ಬಿಸಿಯೂಟದ ತಟ್ಟೆ. ಅದು ಕೈಹತ್ತಿದ ಮೇಲೆ ನಳ ನಿಲ್ಲಿಸುವುದನ್ನೂ ಬಿಡಿ. ಬಾಯಿ ಆದಷ್ಟು ಮುಚ್ಚಿರಲಿ: ಹಿಡಿದ ಕೈಯನ್ನು ಮೆಲ್ಲಗೆ ಸಡಿಲಿಸಬಹುದು, ‘ತಿಕ್ಕು, ತಿಕ್ಕು’ ಎಂಬ ಮಾತು ರೂಢಿಯಾದರೆ ಬಿಡಿಸುವುದು ಕಷ್ಟ.

ಇದನ್ನು ಶಿಕ್ಷಕರಿಗೆ ಕಲಿಸುವವರು ಯಾರು? ಪರದೆಯ ಮೇಲೆ ಚಿತ್ರ ತೋರಿಸಿ, ಚಹಾ ಕುಡಿಸಿ, ಪ್ರಮಾಣಪತ್ರ ಕೊಡುವ ಕಾರ್ಯಾಗಾರಗಳ ಮೇಲೆ ನನಗೆ ನಂಬಿಕೆಯಿಲ್ಲ. ಅಲ್ಲಿ ಒಬ್ಬರ ಕೈಯೂ ಒದ್ದೆಯಾಗುವುದಿಲ್ಲ.

ತುಂಗಭದ್ರೆಯ ದಂಡೆಯ ದಢೇಸುಗೂರಿನವರಿಗೆ ಭತ್ತದ ನಾಟಿಯ ಉದಾಹರಣೆ ಸಾಕು. ಹೊಸಬಳು ಗದ್ದೆಗಿಳಿದರೆ ಹಿರಿಯಾಕೆ ಭಾಷಣ ಬಿಗಿಯುವುದಿಲ್ಲ, ಒಂದೆರಡು ಮಾತು ಹೇಳುತ್ತಾಳೆ. ಎರಡು-ಮೂರು ಸಸಿ ಬಿಡಿಸಿ, ಬೇರು ಮಡಚದಂತೆ ಬೆರಳ ತುದಿಯಲ್ಲಿ ಹಿಡಿದು, ಕೆಸರಿಗೆ ಒತ್ತಿ ತೋರಿಸುತ್ತಾಳೆ. ಹೊಸಬಳು ಹಚ್ಚುತ್ತಾಳೆ. ಸಸಿ ತೇಲಿದರೆ ಅಲ್ಲೇ ಮತ್ತೆ ಹಚ್ಚಿಸುತ್ತಾಳೆ. ಹೇಳು, ತೋರಿಸು, ಮಾಡಿಸು, ತಿದ್ದು: ವರ್ತನಾ ವಿಜ್ಞಾನಿಗಳು ಸಿಬ್ಬಂದಿ ತರಬೇತಿಗೆ ಹೇಳುವ ನಾಲ್ಕು ಹಂತಗಳೂ ಇವೇ.

ಆದ್ದರಿಂದ ಮೇಡಂ, ವಿಶೇಷ ಅಗತ್ಯದ ಮಕ್ಕಳ ಕಲಿಕೆಗೆ ನೆರವಾಗುವ ತಾಲ್ಲೂಕಿನ ಬಿಐಇಆರ್‌ಟಿ ಶಿಕ್ಷಕರು ಶಾಲೆಗೆ ಬಂದ ದಿನ ಎಲ್ಲರೂ ನಳದ ಬಳಿ ಸೇರಿ. ಒಬ್ಬರು ವಿದ್ಯಾರ್ಥಿಯಾಗಲಿ, ಒಬ್ಬರು ಕಲಿಸಲಿ, ಇನ್ನೊಬ್ಬರು 12 ಹೆಜ್ಜೆಗಳ ಚೀಟಿಗೆ ಗುರುತು ಹಾಕಲಿ. ಊಟದ ಹೊತ್ತಿಗೆ ಅಲ್ಲಿರುವ ಅಡುಗೆಯಾಕೆಯನ್ನೂ ಕರೆಯಿರಿ. ನಾಟಿಯ ಮರ್ಮವನ್ನು ನಿಮಗೆ ಆಕೆಯೇ ಹೇಳಿಯಾಳು: ಹಚ್ಚುತ್ತ ಹಚ್ಚುತ್ತ ಹಿಂದೆ ಸರಿಯಬೇಕು.