ನಿಮಗಿದು ಗೊತ್ತೆ? ಬಿಚ್ಚಿದ ಎಂಜಿನ್ ಮತ್ತೆ ಕೂಡಿಸುವಾಗ...

ಹಳೇ ಕಾರು ನೀಲಿ ಹೊಗೆ ಬಿಡುತ್ತಾ ಆಯಿಲ್ ಕುಡಿಯತೊಡಗಿದರೆ ‘ಎಂಜಿನ್ ಬೋರಿಗೆ ಬಂತು’ ಎನ್ನುತ್ತಾರೆ ಮೆಕ್ಯಾನಿಕ್‌ಗಳು. ಬಳ್ಳಾರಿ, ಕುರುಗೋಡು, ಸಿರುಗುಪ್ಪ ಕಡೆಯ ಗಾಡಿಗಳಿಗೆ ಅದಿರಿನ, ಮಣ್ಣಿನ ಧೂಳಿನ ಕಾಟ ಬೇರೆ. ಇಲ್ಲಿನ ಅದಿರು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಅದೇ ಆಕ್ಸೈಡಿನ ನುಣ್ಣನೆಯ ಕೆಂಪು ಪುಡಿ ಚಿನ್ನಕ್ಕೆ ಹೊಳಪು ಕೊಡಲು ಬಳಕೆಯಾಗುತ್ತದೆ! ಮಣ್ಣಿನ ಸಿಲಿಕಾ ಇನ್ನೂ ಗಡಸು. ಏರ್ ಫಿಲ್ಟರ್ ಹರಿದಿದ್ದರೆ ಈ ಧೂಳು ಒಳಹೊಕ್ಕು ಪಿಸ್ಟನ್ ರಿಂಗು, ಸಿಲಿಂಡರ್ ಗೋಡೆ ಎರಡನ್ನೂ ಸವೆಸುತ್ತದೆ.

ಹೀಗೆ ಸವೆದ ಎಂಜಿನ್ ಬಿಚ್ಚುವುದೇನೋ ಸಲೀಸು, ಕೂಡಿಸುವಾಗಲೇ ಕಸರತ್ತು. ಕ್ರ್ಯಾಂಕ್ ಶಾಫ್ಟ್ ಹಿಡಿದಿಡುವ ಮೇನ್ ಬೇರಿಂಗ್ ಕ್ಯಾಪ್‌ಗಳು ನೋಡಲು ಒಂದೇ ಥರ. ಆದರೆ ಕಾರ್ಖಾನೆಯಲ್ಲಿ ಅವನ್ನು ಬ್ಲಾಕಿಗೆ ಬಿಗಿದೇ ರಂಧ್ರ ಕೊರೆದಿರುತ್ತಾರೆ. ಜಾಗ ಅದಲುಬದಲಾದರೆ ಶಾಫ್ಟ್ ಸಲೀಸಾಗಿ ತಿರುಗದೆ ಹಿಡಿದುಕೊಳ್ಳಬಹುದು. ಅದಕ್ಕೇ ಅವುಗಳ ಮೇಲೆ ನಂಬರು, ಬಾಣದ ಗುರುತು. ಗುರುತಿಲ್ಲದಿದ್ದರೆ ಜಾಣ ಮೆಕ್ಯಾನಿಕ್ ಬಿಚ್ಚುವ ಮೊದಲೇ ಪಂಚ್ ಹೊಡೆದು ಚುಕ್ಕೆ ಮಾಡಿಕೊಂಡಿರುತ್ತಾನೆ. ರಿಂಗುಗಳ ಬಾಯಿಯೂ ಒಂದೇ ಸಾಲಿಗೆ ಬರುವಂತಿಲ್ಲ, ಬಂದರೆ ಕಂಪ್ರೆಷನ್ ಸೋರಲು ದಾರಿಯಾಗುತ್ತದೆ.

ಹೆಡ್ ಬೋಲ್ಟುಗಳನ್ನು ಸಾಮಾನ್ಯವಾಗಿ ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ, ಟಾರ್ಕ್ ರೆಂಚಿನಲ್ಲೇ ಬಿಗಿಯಬೇಕು. ಕೈ ಅಂದಾಜು ನಂಬಿದರೆ ಗ್ಯಾಸ್ಕೆಟ್ ಕೈಕೊಡುವ ದಿನ ದೂರವಿಲ್ಲ. ಹೊಸ ಮಾದರಿಯ ಎಷ್ಟೋ ಎಂಜಿನ್‌ಗಳಲ್ಲಿ ಈ ಬೋಲ್ಟುಗಳು ಬಿಗಿಯುವಾಗಲೇ ಶಾಶ್ವತವಾಗಿ ಹಿಗ್ಗುತ್ತವೆ. ಅವನ್ನೇ ಮತ್ತೆ ಹಾಕುವುದು ಸುಳ್ಳು ಉಳಿತಾಯ.

ಇನ್ನು ಪ್ಲಗ್ ವೈರುಗಳ ಜೋಡಣೆ. ಉದಾಹರಣೆಗೆ, 1983ರಲ್ಲಿ ರಸ್ತೆಗಿಳಿದ ಮಾರುತಿ 800ರದು 796 ಸಿಸಿಯ ಮೂರು ಸಿಲಿಂಡರ್ ಎಂಜಿನ್. ಅದರ ಫೈರಿಂಗ್ ಸರದಿ, ಅಂದರೆ ಸಿಲಿಂಡರುಗಳಲ್ಲಿ ಕಿಡಿ ಹೊತ್ತುವ ಕ್ರಮ, 1-3-2. ಒಳಗೆಲ್ಲ ಸರಿಯಾಗಿ ಕೂಡಿಸಿದರೂ ಪ್ಲಗ್ ವೈರುಗಳು ಅದಲುಬದಲಾದರೆ ಗಾಡಿ ಕೆಮ್ಮುತ್ತದೆಯೇ ಹೊರತು ಓಡುವುದಿಲ್ಲ.