ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿ ವಿಳಂಬ

ರೋಗಲಕ್ಷಣವು ಮೊದಲು ಗಮನಕ್ಕೆ ಬಂದ ದಿನದಿಂದ ಚಿಕಿತ್ಸೆ ಆರಂಭವಾಗುವವರೆಗೆ ಅನಗತ್ಯವಾಗಿ ಕಳೆದುಹೋಗುವ ಕಾಲವನ್ನು ಸ್ತನ ಕ್ಯಾನ್ಸರ್ ಚಿಕಿತ್ಸೆಯ ವಿಳಂಬ ಎನ್ನುತ್ತಾರೆ. ಇದನ್ನು ಎರಡು ಭಾಗಗಳಾಗಿ ನೋಡುವುದು ರೂಢಿ: ರೋಗಿಯು ವೈದ್ಯರನ್ನು ಕಾಣುವವರೆಗಿನದು ಒಂದು, ಆನಂತರ ವೈದ್ಯಕೀಯ ವ್ಯವಸ್ಥೆಯೊಳಗೆ ಆಗುವುದು ಇನ್ನೊಂದು. ಲಕ್ಷಣ ಕಂಡ ಮೇಲೆ ಮೂರು ತಿಂಗಳಿಗಿಂತ ಹೆಚ್ಚು ತಡವಾದವರಲ್ಲಿ ಬದುಕುಳಿಯುವ ಪ್ರಮಾಣ ಕಡಿಮೆಯೆಂದು 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಸಮೀಕ್ಷೆಯೊಂದು ತೋರಿಸಿತು.

ರೋಗಿಯ ಕಡೆಯ ಕಾರಣಗಳು

ಆರಂಭದ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ. ನೋವಿಲ್ಲದಿರುವುದರಿಂದಲೇ ಅದು ಉಪೇಕ್ಷೆಗೆ ಒಳಗಾಗುತ್ತದೆ. ಹಾಲುಣಿಸುವ ತಾಯಂದಿರು ಹಾಲು ಕಟ್ಟಿಕೊಂಡಿರಬಹುದೆಂದು ಭಾವಿಸುವುದುಂಟು. ಸ್ತನವನ್ನು ಕಳೆದುಕೊಳ್ಳುವ ಭಯ, ಖರ್ಚಿನ ಚಿಂತೆ, ಸಂಕೋಚ ಇವೂ ಸೇರುತ್ತವೆ. ಸಂಕೋಚವೊಂದನ್ನೇ ಮುಂದೆಮಾಡಿ ಮಹಿಳೆಯನ್ನು ದೂರುವುದು ಸುಲಭ. ಆದರೆ ದಿನಗೂಲಿಯನ್ನು ಬಿಟ್ಟು, ಜೊತೆಗೊಬ್ಬರನ್ನು ಹೊಂದಿಸಿಕೊಂಡು ಪಟ್ಟಣಕ್ಕೆ ಹೋಗಬೇಕಾದವಳಿಗೆ ಅದು ಕಾರಣಗಳಲ್ಲಿ ಒಂದು ಮಾತ್ರ. ಅಪರೂಪವಾಗಿ ಪುರುಷರಿಗೂ ಈ ರೋಗ ಬರುತ್ತದೆ; ತಮಗೆ ಬರಬಹುದೆಂಬ ಅರಿವೇ ಇಲ್ಲದೆ ಅವರೂ ತಡಮಾಡುತ್ತಾರೆ.

ವ್ಯವಸ್ಥೆಯೊಳಗಿನ ಕಾರಣಗಳು

ರೋಗನಿರ್ಣಯಕ್ಕೆ ವೈದ್ಯರ ದೈಹಿಕ ಪರೀಕ್ಷೆ, ಮ್ಯಾಮೋಗ್ರಫಿ ಅಥವಾ ಅಲ್ಟ್ರಾಸೌಂಡ್, ಸೂಜಿಯಿಂದ ಅಂಗಾಂಶ ತೆಗೆದು ನೋಡುವ ಬಯಾಪ್ಸಿ ಈ ಮೂರೂ ಬೇಕು. ಕ್ಯಾನ್ಸರ್ ಖಚಿತವಾದ ಮೇಲೂ ಹಾರ್ಮೋನ್ ಗ್ರಾಹಕಗಳು ಮತ್ತು ಹರ್-2 ಎಂಬ ಪ್ರೋಟೀನಿನ ಪರೀಕ್ಷೆಯ ವರದಿ ಬಾರದೆ ಚಿಕಿತ್ಸೆಯ ಕ್ರಮವನ್ನು ಸರಿಯಾಗಿ ನಿಶ್ಚಯಿಸಲಾಗದು. ಈ ಪರೀಕ್ಷೆಗಳು ಒಂದೇ ಕಡೆ ದೊರೆಯದಿದ್ದರೆ ಪ್ರತಿಯೊಂದಕ್ಕೂ ಬೇರೆ ಊರು, ಬೇರೆ ಸರದಿ. ಚಿಕ್ಕ ವಯಸ್ಸಿನವರ ಗಂಟನ್ನು ಸಾಮಾನ್ಯ ಗಂಟೆಂದು ತಿಳಿದು, ಬಯಾಪ್ಸಿ ಮಾಡಿಸದೆ ಔಷಧ ಕೊಟ್ಟು ಕಳುಹಿಸಿದಾಗ ತಿಂಗಳುಗಳೇ ಉರುಳುತ್ತವೆ.

ವಿಕಿರಣ ಚಿಕಿತ್ಸೆಯ ಯಂತ್ರಗಳು ಹೆಚ್ಚಾಗಿ ದೊಡ್ಡ ನಗರಗಳಲ್ಲಿವೆ. ಕರ್ನಾಟಕದಲ್ಲಿ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ ದೂರದ ಜಿಲ್ಲೆಗಳಿಂದಲೂ ರೋಗಿಗಳು ಬರುತ್ತಾರೆ. ಕಲಬುರಗಿಯಲ್ಲಿ ಅದರ ಪ್ರಾದೇಶಿಕ ಕೇಂದ್ರವಿದೆ. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯು ಚಿಕಿತ್ಸಾ ವೆಚ್ಚಕ್ಕೆ ನೆರವಾಗುತ್ತದೆ. ಆದರೆ ವಾರಗಟ್ಟಲೆ ನಡೆಯುವ ವಿಕಿರಣ ಚಿಕಿತ್ಸೆಗಾಗಿ ಪರ ಊರಿನಲ್ಲಿ ತಂಗುವ ಖರ್ಚು, ನಿಂತುಹೋಗುವ ಸಂಪಾದನೆ ಕುಟುಂಬದ ಹೊರೆಯಾಗಿಯೇ ಉಳಿಯುತ್ತವೆ.

ವಿಳಂಬವಲ್ಲದ ಕಾಯುವಿಕೆ

ವರದಿಗಳಿಗಾಗಿ ಒಂದೆರಡು ವಾರ ಕಾಯುವುದು ವಿಳಂಬವೆನಿಸದು. ಕೆಲವರಿಗೆ ಗಂಟು ಕುಗ್ಗಲೆಂದು ಮೊದಲು ಕೀಮೋಥೆರಪಿ ಕೊಟ್ಟು ಅನಂತರ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಶಸ್ತ್ರಚಿಕಿತ್ಸೆ ಮುಂದೆ ಹೋಯಿತೆಂದು ಅಂಥವರು ಗಾಬರಿಯಾಗಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಆರಂಭಿಸಿದ ಜಾಗತಿಕ ಸ್ತನ ಕ್ಯಾನ್ಸರ್ ಉಪಕ್ರಮವು, ರೋಗಿ ಮೊದಲು ಆರೋಗ್ಯ ಕೇಂದ್ರಕ್ಕೆ ಬಂದ 60 ದಿನಗಳೊಳಗೆ ರೋಗನಿರ್ಣಯ ಮುಗಿಯಬೇಕೆಂಬ ಗುರಿಯನ್ನಿಟ್ಟಿದೆ.