ನೊಗ ಕಳಚಿದ ಬಡಿತ

ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಗಡಿಯಾರ ನೋಡುತ್ತಿದ್ದೇನೆ. ಒಂದು ಬಡಿತ. ಕಾಯುತ್ತೇನೆ. ಇನ್ನೊಂದು. ನಿಮಿಷ ಮುಗಿದಾಗ ಲೆಕ್ಕ 32.

ಹಾಸಿಗೆಯ ಮೇಲಿರುವವರು ಎಪ್ಪತ್ತು ದಾಟಿದ ರೈತರು. ಬೆಳಗ್ಗೆ ಬಚ್ಚಲಿಗೆ ಹೋಗುವಾಗ ಕಣ್ಣು ಕತ್ತಲಿಟ್ಟು ಬಿದ್ದಿದ್ದರು. ತಿಂಗಳಿಂದ ನಾಲ್ಕು ಹೆಜ್ಜೆ ನಡೆದರೆ ಏದುಸಿರು. "ವಯಸ್ಸಾಯ್ತಲ್ಲ" ಎಂದು ಮನೆಯವರು ಸುಮ್ಮನಿದ್ದರು. ಕಂಪ್ಲೀಟ್ ಹಾರ್ಟ್ ಬ್ಲಾಕ್ ಎಂದದ್ದೇ ತಡ, ಮಗ ಕೇಳಿದ: "ಸ್ಟೆಂಟ್ ಹಾಕ್ಬೇಕಾ ಸಾರ್?" ಬೇಡ. ಇಲ್ಲಿ ಕಟ್ಟಿಕೊಂಡಿರುವುದು ರಕ್ತನಾಳವಲ್ಲ, ವಿದ್ಯುತ್ತು ಹರಿಯುವ ದಾರಿ.

ಬಲ ಹೃತ್ಕರ್ಣದ ನೆತ್ತಿಯಲ್ಲಿ ಹುಟ್ಟುವ ಸಂಕೇತ ಮೇಲಿನ ಎರಡು ಕೋಣೆಗಳನ್ನು ಹಿಂಡುತ್ತದೆ. ನಡುವಿನ ಗಂಟಿನಲ್ಲಿ ಕ್ಷಣ ತಡೆದು, ಹಿಸ್ ಕಂತೆಯ ಎಳೆಗಳಲ್ಲಿ ಹೃತ್ಕುಕ್ಷಿಗಳಿಗೆ ಇಳಿಯುತ್ತದೆ. ಆ ತಡೆದ ಕ್ಷಣದಲ್ಲೇ ಕೆಳಕೋಣೆಗಳು ಕಂಠಮಟ್ಟ ತುಂಬಿಕೊಳ್ಳುವುದು. ವಯಸ್ಸಾದಂತೆ ಈ ಎಳೆಗಳು ನಾರುಗಟ್ಟಬಹುದು. ಹೃದಯಾಘಾತದಲ್ಲಿ ಸಾಯಬಹುದು, ಕೆಲವು ಔಷಧಗಳಿಂದ ಮಂಕಾಗಬಹುದು. ದಾರಿ ಪೂರ್ತಿ ಮುಚ್ಚಿದರೆ ಕೆಳಕೋಣೆಗಳು ತಮ್ಮೊಳಗಿನ ನಿಧಾನದ ಮಿಡಿತದಲ್ಲೇ ಜೀವ ಹಿಡಿದುಕೊಳ್ಳುತ್ತವೆ.

ಇವರ ಇಸಿಜಿ ಕಾಗದದಲ್ಲಿ ಅದು ಕಣ್ಣಿಗೆ ಕಾಣುತ್ತದೆ. ಹೃತ್ಕರ್ಣದ ಪುಟ್ಟ ದಿಬ್ಬಗಳು ನಿಮಿಷಕ್ಕೆ 80ರಂತೆ ಸಾಲಾಗಿ ನಡೆದಿವೆ. ಹೃತ್ಕುಕ್ಷಿಯ ಎತ್ತರದ ಗೆರೆಗಳು 32ರ ನಡಿಗೆಯಲ್ಲಿ. ಎರಡೂ ತಪ್ಪದೆ ದುಡಿಯುತ್ತಿವೆ, ನೊಗ ಕಳಚಿದ ಜೋಡೆತ್ತುಗಳ ಹಾಗೆ, ಒಂದರ ಹೆಜ್ಜೆ ಇನ್ನೊಂದಕ್ಕೆ ತಿಳಿಯದೆ.

ಕತ್ತಿನ ಕಡೆ ಬಗ್ಗಿ ನೋಡಿದೆ. ಅಭಿಧಮನಿ ಸಣ್ಣಗೆ ಅದುರುತ್ತಿದೆ, ನಡುನಡುವೆ ಥಟ್ಟನೆ ಎದ್ದು ಕಿವಿಯ ಬುಡದತ್ತ ಚಿಮ್ಮುತ್ತದೆ. ಕೆಳಕೋಣೆ ಹಿಂಡಿಕೊಂಡು ಕವಾಟ ಮುಚ್ಚಿರುವಾಗಲೇ ಮೇಲಿನ ಕೋಣೆಯೂ ಹಿಂಡಿದರೆ ರಕ್ತಕ್ಕೆ ಮುಂದೆ ದಾರಿಯಿಲ್ಲ, ಹಿಂದಕ್ಕೆ ಕತ್ತಿಗೇ ನುಗ್ಗಬೇಕು. ಇದನ್ನು ವೈದ್ಯರು ಕ್ಯಾನನ್ ಅಲೆ ಎನ್ನುತ್ತಾರೆ. ಸ್ಟೆತಾಸ್ಕೋಪಿನಲ್ಲಿ ಮೊದಲ ಸದ್ದು ಒಮ್ಮೆ ಮೆಲ್ಲಗೆ, ಒಮ್ಮೆ ಗುಂಡು ಹಾರಿಸಿದಷ್ಟು ಜೋರು.

ಆದರೂ ಬೆರಳಿಗೆ ಸಿಗುವ ನಾಡಿ ಬಡಕಲಲ್ಲ, ತುಂಬಿಕೊಂಡಿದೆ. ಬಡಿತಗಳ ನಡುವೆ ಬಿಡುವು ಹೆಚ್ಚು, ಹಾಗಾಗಿ ಹೃತ್ಕುಕ್ಷಿ ಹಿಗ್ಗಿ ತುಂಬಿ ಪ್ರತಿಸಲ ಹೆಚ್ಚು ರಕ್ತ ಎಸೆಯುತ್ತದೆ. ಮೇಲಿನ ಬಿಪಿ ಏರಿ, ಕೆಳಗಿನದು ಇಳಿದಿರುತ್ತದೆ. ಲೆಕ್ಕ ಮಾತ್ರ ಕೂಡುವುದಿಲ್ಲ. ಬಡಿತಕ್ಕೆ 70 ಮಿಲಿಲೀಟರ್, ನಿಮಿಷಕ್ಕೆ 72 ಬಡಿತವೆಂದರೆ ಸುಮಾರು 5 ಲೀಟರ್. ಬಡಿತಕ್ಕೆ 100 ಎಸೆದರೂ 32ಕ್ಕೆ 3 ಲೀಟರ್ ಚಿಲ್ಲರೆ. ಮೆಟ್ಟಿಲು ಹತ್ತುವಾಗ ವೇಗ ಏರಿಸೋಣವೆಂದರೆ ಮೇಲಿನ ಆಜ್ಞೆ ಕೆಳಗಿಳಿಯದು. ಪಾದ ತಣ್ಣಗಾಗುತ್ತದೆ, ಮೂತ್ರ ಕಡಿಮೆಯಾಗುತ್ತದೆ, ತಲೆ ಹಗುರಾಗುತ್ತದೆ. ಆ ನಿಧಾನದ ಮಿಡಿತವೂ ಕೆಲವು ಸೆಕೆಂಡು ಮರೆತರೆ ಮುಖ ಬಿಳಿಚಿ ಮನುಷ್ಯ ಕುಸಿಯುತ್ತಾನೆ. ಬಡಿತ ಮರಳಿದಾಗ ಕೆನ್ನೆಗೆ ರಕ್ತ ನುಗ್ಗಿ ಕೆಂಪೇರುತ್ತದೆ. ಡಬ್ಲಿನ್‌ನ ರಾಬರ್ಟ್ ಆಡಮ್ಸ್ 1827ರಲ್ಲಿ, ವಿಲಿಯಂ ಸ್ಟೋಕ್ಸ್ 1846ರಲ್ಲಿ ವಿವರಿಸಿದ್ದು ಇದನ್ನೇ.

ಸ್ವೀಡನ್ನಿನ ಆರ್ನೆ ಲಾರ್ಸನ್ ದಿನಕ್ಕೆ ಹಲವಾರು ಸಲ ಹೀಗೆ ಬೀಳುತ್ತಿದ್ದರು. ಹೆಂಡತಿ ಎಲ್ಸ್-ಮರಿ ಬೆನ್ನುಬಿಡದೆ ಕೇಳಿಕೊಂಡದ್ದಕ್ಕೆ ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಶೂ ಪಾಲಿಶ್ ಡಬ್ಬಿಯನ್ನು ಅಚ್ಚು ಮಾಡಿಕೊಂಡು ಪೇಸ್‌ಮೇಕರ್ ಎರಕ ಹೊಯ್ದರು. 1958ರ ಅಕ್ಟೋಬರ್ 8ರಂದು ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಅದನ್ನು ದೇಹದೊಳಗಿಟ್ಟರು. ಕೆಲವೇ ಗಂಟೆಗಳಲ್ಲಿ ಅದು ಕೈಕೊಟ್ಟಿತು. ಯಾರೂ ಛಲ ಬಿಡಲಿಲ್ಲ. ಒಂದಾದ ಮೇಲೊಂದು ಯಂತ್ರ ಬದಲಿಸಿಕೊಂಡು ಲಾರ್ಸನ್ 2001ರವರೆಗೆ, 86 ವರ್ಷ ಬದುಕಿದರು.

ಮರುದಿನ ಸಂಜೆ ನಮ್ಮ ರೈತರ ಕೊರಳೆಲುಬಿನ ಕೆಳಗೆ ಪುಟ್ಟ ಬ್ಯಾಂಡೇಜ್. ಒಳಗಿಟ್ಟ ಪೇಸ್‌ಮೇಕರಿನ ಎರಡು ತಂತಿಗಳಲ್ಲಿ ಒಂದು ಮೇಲಿನ ಕೋಣೆಯ ಮಿಡಿತಕ್ಕೆ ಕಿವಿಗೊಡುತ್ತದೆ, ಇನ್ನೊಂದು ಅದನ್ನು ಕೆಳಗಿನ ಕೋಣೆಗೆ ಮುಟ್ಟಿಸುತ್ತದೆ. ಕತ್ತಿನ ಚಿಮ್ಮಾಟ ನಿಂತಿದೆ. ಪಾದ ಬೆಚ್ಚಗಿದೆ.

ಮಗನ ಬೆರಳುಗಳನ್ನು ಅಪ್ಪನ ಮಣಿಕಟ್ಟಿನ ಮೇಲಿಟ್ಟು ಗಡಿಯಾರ ತೋರಿಸಿದೆ. ಅವನು ತುಟಿ ಅಲುಗಿಸುತ್ತಾ ಎಣಿಸಿದ. ಎಪ್ಪತ್ತೆರಡು. ನಂಬಿಕೆ ಬಾರದೆ ಮತ್ತೊಮ್ಮೆ ಮೊದಲಿನಿಂದ ಶುರುಮಾಡಿದ.